ಕೈಪಿಡಿಯ ಒಂದು ಸಾಲಿನಲ್ಲಿ ಮಲೆನಾಡಿನ ಹಳ್ಳಿ

ಜನಗಣತಿಯ ಜಿಲ್ಲಾ ಕೈಪಿಡಿಯಲ್ಲಿ ಪ್ರತಿಯೊಂದು ಗ್ರಾಮಕ್ಕೂ ಒಂದು ಸಾಲು ಮೀಸಲಾಗಿರುತ್ತದೆ. 2011ರ ಕೈಪಿಡಿಯನ್ನು ತೆರೆದರೆ ಆರು ಅಂಕಿಗಳ ಗ್ರಾಮಸಂಖ್ಯೆ, ವಿಸ್ತೀರ್ಣ, ಕುಟುಂಬಗಳು, ಗಂಡಸರು ಮತ್ತು ಹೆಂಗಸರು, ಆರು ವರ್ಷದವರೆಗಿನ ಮಕ್ಕಳು ಎಂದು ಅಂಕಿಗಳು ಸಾಗುತ್ತವೆ. ಇನ್ನೊಂದು ಕೋಷ್ಟಕದಲ್ಲಿ ಬಸ್ಸು, ಆಟೋ, ಟ್ರ್ಯಾಕ್ಟರ್, ಎತ್ತಿನ ಗಾಡಿ, ರೈಲು ನಿಲ್ದಾಣ, ಡಾಂಬರು ರಸ್ತೆ, ಕಾಲುದಾರಿಗಳು ಇವೆಯೇ ಎಂಬುದಕ್ಕೆ ಉತ್ತರಗಳಿರುತ್ತವೆ. ಅರಸೀಕೆರೆ ಸೀಮೆಯ ಊರಿಗೂ ಮೂಡಿಗೆರೆ ಸೀಮೆಯ ಊರಿಗೂ ಪ್ರಶ್ನೆಗಳು ಒಂದೇ, ಆದರೆ ಉತ್ತರಗಳ ಅರ್ಥ ಒಂದೇ ಅಲ್ಲ.

ಇಲ್ಲಿ ಗ್ರಾಮವೆಂದರೆ ಕಂದಾಯ ಗ್ರಾಮ, ಅಂದರೆ ಕಂದಾಯ ದಾಖಲೆಯಲ್ಲಿ ಗಡಿ ಗುರುತಿಸಿದ ನೆಲ. ಅದರಲ್ಲಿ ಜನವಸತಿಯೇ ಇಲ್ಲದಿರಬಹುದು. ಅಂಥದ್ದನ್ನು ಕಂದಾಯದವರು ಬೇಚರಾಕ್ ಗ್ರಾಮ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಮನೆಗಳು ಸಾಮಾನ್ಯವಾಗಿ ಒತ್ತಾಗಿರುವುದರಿಂದ ಬಸ್ಸು ಬಂದರೆ ಊರಿಗೇ ಬಂದಂತೆ. ಮಲೆನಾಡಿನಲ್ಲಿ ಹಾಗಲ್ಲ: ಗುಡ್ಡಗಳ ನಡುವಿನ ಗದ್ದೆಯ ಪಟ್ಟಿಗೊಂದು, ತೋಟದ ಅಂಚಿಗೊಂದು ಮನೆಯಿದ್ದು, ನಡುವೆ ಹಳ್ಳವೋ ಗುಡ್ಡವೋ ಅಡ್ಡವಿರುತ್ತದೆ. ಸೌಲಭ್ಯ ಗ್ರಾಮದಲ್ಲಿ ಇಲ್ಲದಿದ್ದರೆ ಅದು ಐದು ಕಿಲೋಮೀಟರಿನೊಳಗಿದ್ದಾಗ ‘ಎ’, ಐದರಿಂದ ಹತ್ತರೊಳಗಿದ್ದಾಗ ‘ಬಿ’, ಅದಕ್ಕೂ ದೂರವಾದಾಗ ‘ಸಿ’ ಎಂದು ಬರೆಯುವ ಕ್ರಮವಿದೆ. ಆದರೆ ಬಸ್ಸು ಗ್ರಾಮದ ಗಡಿಯೊಳಗಿನ ಒಂದು ಅಂಚನ್ನು ಮುಟ್ಟಿದರೂ ಉತ್ತರ ‘ಇದೆ’ ಎಂದೇ ಆಗುತ್ತದೆ. ಕೊನೆಯ ಮನೆಯವರು ಆ ಅಂಚಿಗೆ ಎಷ್ಟು ಹೊತ್ತು ನಡೆಯಬೇಕೆಂಬುದಾಗಲಿ, ಬಸ್ಸು ದಿನಕ್ಕೆ ಎಷ್ಟು ಸಲ ಬರುತ್ತದೆಂಬುದಾಗಲಿ ‘ಇದೆ’ ಎಂಬ ಉತ್ತರದಿಂದ ತಿಳಿಯುವುದಿಲ್ಲ. ರಾತ್ರಿ ಊರಲ್ಲೇ ತಂಗಿ ಬೆಳಿಗ್ಗೆ ಹೊರಡುವ ಹಾಲ್ಟಿಂಗ್ ಬಸ್ಸೂ, ಮಧ್ಯಾಹ್ನ ಒಮ್ಮೆ ಮುಖ ತೋರಿಸಿ ಹೋಗುವ ಬಸ್ಸೂ ಕಾಲೇಜಿಗೆ ಹೋಗುವ ಹುಡುಗಿಗೆ ಒಂದೇ ಆಗಲಾರವು.

ಜನಸಂಖ್ಯೆಯ ಅಂಕಿಗಳನ್ನೂ ಹೀಗೆಯೇ ಬಿಡಿಸಿ ಓದಬೇಕು. ಗಣತಿಗೆ ಕುಟುಂಬವೆಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಒಂದೇ ಸೂರಿನಡಿ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಂಡರೆ ಜನ ಹೆಚ್ಚದೆಯೇ ಕುಟುಂಬಗಳು ಹೆಚ್ಚುತ್ತವೆ. 2001ರಲ್ಲಿ 11,40,905 ಇದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ರಲ್ಲಿ 11,37,961ಕ್ಕೆ ಇಳಿಯಿತು. ಇಡೀ ರಾಜ್ಯ ಶೇ. 15.6ರಷ್ಟು ಬೆಳೆದ ದಶಕದಲ್ಲಿ ಈ ಜಿಲ್ಲೆ ಕುಗ್ಗಿತು, ನೆರೆಯ ಹಾಸನ ಬೆಳೆದದ್ದೂ ಶೇ. 3ರ ಆಸುಪಾಸು ಮಾತ್ರ. ಎರಡೂ ಜಿಲ್ಲೆಗಳಲ್ಲಿ ಸಾವಿರ ಗಂಡಸರಿಗೆ ಸಾವಿರಕ್ಕಿಂತ ತುಸು ಹೆಚ್ಚು ಹೆಂಗಸರಿದ್ದರು. ಇದನ್ನು ನೋಡಿ ಹಿಗ್ಗುವ ಮುನ್ನ, ದುಡಿಯುವ ವಯಸ್ಸಿನ ಗಂಡಸರು ಬೆಂಗಳೂರಿನ ಲೆಕ್ಕಕ್ಕೆ ಸೇರಿದ್ದೂ ಇದಕ್ಕೊಂದು ಕಾರಣವಿರಬಹುದೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಇದಕ್ಕೆ ಎದುರಾದ ಹರಿವೂ ಒಂದಿದೆ. ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ, ಅಂದರೆ ರೊಬಸ್ಟಾ ಕಾಫಿಯ ಕೊಯ್ಲಿನ ಕಾಲದಲ್ಲಿ; ಅಷ್ಟೂ ದಿನ ಸ್ವಂತ ಊರಿನಿಂದ ದೂರವಿದ್ದವರನ್ನು ಇದ್ದಲ್ಲಿಯೇ ಎಣಿಸುವುದು ನಿಯಮವಾದ್ದರಿಂದ, ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳಿಗೆ ಕೊಯ್ಲಿಗೆಂದು ಬಂದವರು ಆ ಗ್ರಾಮದ ಲೆಕ್ಕಕ್ಕೇ ಸೇರುತ್ತಾರೆ.

ಊರಿನ ಜನ ಕಡಿಮೆಯಾದಂತೆ ಬಸ್ಸಿನ ಟಿಕೆಟ್ಟುಗಳೂ ಕಡಿಮೆಯಾಗುತ್ತವೆ, ಟ್ರಿಪ್ ನಿಂತರೆ ಉಳಿದವರಿಗೂ ಊರು ಬಿಡಲು ಇನ್ನೊಂದು ನೆಪ ಸಿಗುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಮುಚ್ಚಿಹೋದ ಸಾರಿಗೆ ಕಂಪನಿಯ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ‘ಸಹಕಾರ ಸಾರಿಗೆ’ಯ ಬಸ್ಸುಗಳು ಸುತ್ತಲಿನ ಹಳ್ಳಿಗಳಿಗೆ ಓಡುತ್ತಿದ್ದವು, 2020ರಲ್ಲಿ ಆ ಸಂಚಾರ ನಿಂತಿತು. ಇತ್ತ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. 2011ರ ಕೈಪಿಡಿಗೆ ಇವೆರಡೂ ಗೊತ್ತಿಲ್ಲ.

ರಸ್ತೆಯ ಅಂಕಣಗಳಲ್ಲಿ ‘ಸರ್ವಋತು ರಸ್ತೆ’ ಎಂಬುದೊಂದಿದೆ. ಗ್ರಾಮ ಸಡಕ್ ಯೋಜನೆಯ ವ್ಯಾಖ್ಯೆಯಂತೆ ಅದು ಎಲ್ಲ ಕಾಲದಲ್ಲೂ ಸಂಚರಿಸಬಹುದಾದ, ಮೋರಿ ಸೇತುವೆಗಳಿರುವ ರಸ್ತೆ. ಮಳೆಯಿಂದ ಅಲ್ಪಕಾಲ ಸಂಚಾರ ನಿಂತರೂ ಹೆಸರಿಗೆ ಧಕ್ಕೆಯಿಲ್ಲ. ಕಾಲುದಾರಿಗೂ ಪ್ರತ್ಯೇಕ ಅಂಕಣವಿದೆ. ಆ ದಾರಿಯ ನಡುವೆ ಹಳ್ಳಕ್ಕೆ ಅಡ್ಡಲಾಗಿ ಅಡಿಕೆ ಮರ ಹಾಸಿ ಕಟ್ಟಿ, ಮಳೆಗಾಲ ಕಳೆದ ಮೇಲೆ ಮತ್ತೆ ಕಟ್ಟಬೇಕಾಗುವ ಕಾಲುಸಂಕಕ್ಕೆ ಮಾತ್ರ ಇಲ್ಲ.