ಒಂದೇ ಟಾಸ್ಕ್, ಎರಡು ಮದ್ದು

ಬದಿಯಡ್ಕದ ಆಸುಪಾಸಿನ ಅಡಿಕೆ ತೋಟಗಳಲ್ಲಿ ಮಳೆ ಹಿಡಿಯುವ ಮುಂಚೆ ಒಂದು ಸಲ ಮದ್ದು ಬಿಡುತ್ತಾರೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ. ತಪ್ಪಿದರೆ ಕೊಳೆರೋಗ ಬಂದು ಎಳೆಕಾಯಿ ಉದುರುತ್ತದೆ.

ಕೆಲವು ವರ್ಷದ ಹಿಂದೆ ನಾಲ್ಕಾರು ತೋಟಗಳ ಈ ಲೆಕ್ಕವನ್ನು ನಾನು ಕಂಪ್ಯೂಟರಿಗೆ ಹಾಕಿದೆ. ತೋಟಕ್ಕೊಂದು ಟಾಸ್ಕ್. ಮುಗಿಯಿತು ಎಂದು ಟಿಕ್ ಹಾಕಿದರೆ 45ನೇ ದಿನ ಅದೇ ಟಾಸ್ಕ್ ಮತ್ತೆ ತೆರೆದುಕೊಳ್ಳುತ್ತಿತ್ತು. ಪಟ್ಟಿ ಚೊಕ್ಕವಾಗಿತ್ತು. ಆಗಸ್ಟಿನಲ್ಲಿ ಹಿರಿಯ ಕೃಷಿಕರೊಬ್ಬರು ಫೋನ್ ಮಾಡಿದರು: “ಮಾರಾಯಾ, ಮೇಲಿನ ತೋಟಕ್ಕೆ ಮೊದಲ ಮದ್ದು ಬಿಟ್ಟದ್ದು ಯಾವಾಗ ಅಂತ ನೋಡಿ ಹೇಳು. ಕೊಳೆ ಸುರುವಾಗಿದೆ.” ತೆರೆದು ನೋಡಿದರೆ ಇದ್ದದ್ದು ಒಂದೇ ತಾರೀಕು, ಎರಡನೇ ಸಲದ್ದು. ಮೊದಲನೆಯದರ ಮೇಲೆಯೇ ಅದು ಬರೆದುಕೊಂಡಿತ್ತು.

ಈ ತೊಡಕಿನ ಬೇರು ಹಳೆಯದು. 1979ರಲ್ಲಿ ಯುನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆಯ 7ನೇ ಆವೃತ್ತಿಯಲ್ಲಿ ಬಂದ ‘ಕ್ರಾನ್’, ಹೇಳಿಟ್ಟ ಹೊತ್ತಿಗೆ ಕೆಲಸ ಶುರುಮಾಡುವ ಪ್ರೋಗ್ರಾಂ, ನಿಮಿಷಕ್ಕೊಮ್ಮೆ ಎದ್ದು ತನ್ನ ಪಟ್ಟಿ ನೋಡುತ್ತಿತ್ತು. ನಿಮಿಷ, ಗಂಟೆ, ತಾರೀಕು, ತಿಂಗಳು, ವಾರದ ದಿನ ಎಂಬ ಐದು ಅಂಕಣ. ಹೊತ್ತು ಕೂಡಿಬಂದರೆ ಕೆಲಸ ಶುರು. ಹಿಂದಿನ ಸಲದ್ದು ಮುಗಿಯಿತೋ ಇಲ್ಲವೋ ಎಂಬುದು ಅದಕ್ಕೆ ಬೇಕಿರಲಿಲ್ಲ. ನಿಯಮ ಇತ್ತು, ದಾಖಲೆ ಇರಲಿಲ್ಲ. ಕಂಪ್ಯೂಟರ್ ಕ್ಯಾಲೆಂಡರುಗಳು ಮಾಹಿತಿ ಹಂಚಿಕೊಳ್ಳಲು 1998ರಲ್ಲಿ ಬಂದ ಐಕ್ಯಾಲೆಂಡರ್ ಮಾನದಂಡವೂ ಮರುಕಳಿಸುವ ಸಭೆಯನ್ನು ಒಂದೇ ನಿಯಮವಾಗಿ ಬರೆದಿಟ್ಟಿತು. ಆದರೆ ಅದರಲ್ಲಿ ಒಂದು ದಿನವನ್ನು ಮಾತ್ರ ಬಿಡುವುದಕ್ಕೆ, ಬದಲಿಸುವುದಕ್ಕೆ ಜಾಗ ಇತ್ತು.

ಕೆಲಸಗಳನ್ನು ಹಂಚಿ ನಡೆಸುವ ವರ್ಕ್‌ಫ್ಲೋ ಸಾಫ್ಟ್‌ವೇರಿನಲ್ಲಿ ಸಂಗತಿ ಬೇರೆ. ಅಲ್ಲಿ ಕೆಲಸಕ್ಕೆ ಹೊಣೆಗಾರರಿದ್ದಾರೆ, ಟಿಪ್ಪಣಿ ಇದೆ, ಗಡುವು ಇದೆ. ಹಳೆಯ ಟಾಸ್ಕನ್ನೇ ತಿರುಗಿ ತೆರೆದರೆ ಇವೆಲ್ಲ ಒಂದರ ಮೇಲೊಂದು ಕೂರುತ್ತವೆ. ಇನ್ನೂ ಕೆಟ್ಟದ್ದು: ಮಳೆಯಿಂದ ಮೊದಲನೆಯದೇ ಬಾಕಿ ಉಳಿದರೆ, ಟಾಸ್ಕ್ ತೆರೆದೇ ಇರುವುದರಿಂದ, ಎರಡನೆಯದು ಸದ್ದಿಲ್ಲದೆ ತಪ್ಪಿಹೋಗುತ್ತದೆ.

ನಮ್ಮ ಪುರೋಹಿತರ ಸಂಕಲ್ಪ ನೆನಪಿಸಿಕೊಳ್ಳಿ. ಪೂಜೆ ವರ್ಷ ವರ್ಷವೂ ಅದೇ. ಆದರೂ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳನ್ನು ಹೇಳದೆ ಶುರುಮಾಡುವುದಿಲ್ಲ. 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯಲ್ಲಿ ಹುಟ್ಟಿದ, ಕೆಲಸಗಳನ್ನು ಕ್ರಮವಾಗಿ ಓಡಿಸುವ ‘ಏರ್‌ಫ್ಲೋ’ ಸಾಫ್ಟ್‌ವೇರ್ ಮಾಡಿದ್ದೂ ಇದನ್ನೇ: ಕೆಲಸದ ಕ್ರಮ ಒಂದೇ ಕಡೆ, ಪ್ರತಿ ಓಟಕ್ಕೂ ಅದರದೇ ಕಾಲದ ಗುರುತು, ಅದರದೇ ದಾಖಲೆ.

ಸಲಕ್ಕೊಂದು ಹೊಸ ದಾಖಲೆಯಾದರೆ ರಾಶಿ ಬೀಳುತ್ತದೆ ಎಂಬ ಆಕ್ಷೇಪ ಸುಳ್ಳಲ್ಲ. ಅದಕ್ಕೇ ಸರ್ವರುಗಳಲ್ಲಿ ಪ್ರೋಗ್ರಾಂ ನಡೆಸುವ ‘ಕುಬರ್ನೆಟಿಸ್’ ವ್ಯವಸ್ಥೆ, ಮರುಕಳಿಸುವ ಕೆಲಸಗಳಲ್ಲಿ ತಾನಾಗಿ ಇಟ್ಟುಕೊಳ್ಳುವುದು ಯಶಸ್ವಿಯಾದ 3, ಸೋತ 1 ಓಟ ಮಾತ್ರ. ಹೆಚ್ಚು ಬೇಕಿದ್ದರೆ ನಾವು ಹೇಳಬೇಕು. ಸರ್ವರಿಗೆ ಅಷ್ಟು ಸಾಕಾದೀತು. ತೋಟಕ್ಕೆ ಸಾಲದು, ಹೋದ ವರ್ಷದ್ದೂ ಬೇಕು.

ಈಗ ನಾನು ನಿಯಮವನ್ನು ಒಂದೇ ಇಟ್ಟು, ಸಲಕ್ಕೊಂದು ಹೊಸ ಸಾಲು ತೆರೆಯುತ್ತೇನೆ. ಮುಂದಿನ ಮದ್ದಿನ ಎಣಿಕೆ ಹಿಂದಿನದು ನಿಜವಾಗಿ ಮುಗಿದ ದಿನದಿಂದ. ಮೇಲಿನ ತೋಟದ ಹಾಳೆ ಈಗ ಹೀಗಿದೆ: ಮೇ 28, ಮೊದಲ ಮದ್ದು. ಜುಲೈ 15, ಎರಡನೆಯದು. ಮಳೆ ಬಿಡದೆ ಮೂರು ದಿನ ತಡ.