ಮುನಿರಾಬಾದಿನ ನಿರ್ಧಾರ ಮಾನ್ವಿಗೆ ಮುಟ್ಟುವ ಬಗೆ

ತುಂಗಭದ್ರಾ ಎಡದಂಡೆ ಕಾಲುವೆ ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ಹುಟ್ಟಿ ರಾಯಚೂರಿನತ್ತ ಇನ್ನೂರು ಕಿಲೋಮೀಟರಿಗೂ ಹೆಚ್ಚು ಹರಿಯುತ್ತದೆ. ಸಿರವಾರ, ಮಾನ್ವಿ ಕಡೆಯ ಕೆಳಭಾಗದ ರೈತರಿಗೆ ಹಂಗಾಮು ಬಂತೆಂದರೆ ಚಿಂತೆ: ನೀರು ಯಾವಾಗ ಬಿಡುತ್ತಾರೆ, ಎಷ್ಟು ದಿನ ನಿಲ್ಲುತ್ತದೆ? ಸಸಿ ಮಡಿ ಹಾಕುವುದೋ ಬೇಡವೋ ಎಂಬುದು ಅದರ ಮೇಲಿದೆ. ಮೇಲ್ಭಾಗದ ಅಕ್ರಮ ನೀರಾವರಿ, ಜಲಾಶಯದ ಹೂಳು ಎರಡೂ ಬೇಕಾದಷ್ಟು ಚರ್ಚೆಯಾಗಿವೆ. ಸುದ್ದಿ ಸಾಗುವ ದಾರಿಯ ಬಗ್ಗೆ ಮಾತು ಕಡಿಮೆ.

1945ರಲ್ಲಿ ಹೈದರಾಬಾದ್ ಸಂಸ್ಥಾನವೂ ಮದ್ರಾಸ್ ಸರ್ಕಾರವೂ ಅಣೆಕಟ್ಟಿಗೆ ಕೈಹಾಕಿದಾಗ ಎಡದಂಡೆ ಒಬ್ಬರ ಪಾಲು, ಬಲದಂಡೆ ಇನ್ನೊಬ್ಬರ ಪಾಲು. 1953ರಲ್ಲಿ ತುಂಗಭದ್ರಾ ಮಂಡಳಿ ಬಂತು, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಜಲಾಶಯ ಇಂದಿಗೂ ಮಂಡಳಿಯ ಕೈಯಲ್ಲಿ, ಎಡದಂಡೆ ಕಾಲುವೆ ರಾಜ್ಯದ ಕೈಯಲ್ಲಿ. ನೀರು ಯಾವಾಗ, ಎಷ್ಟು ಬಿಡಬೇಕೆಂಬ ನೀರಾವರಿ ಸಲಹಾ ಸಮಿತಿಯ ನಿರ್ಧಾರ ಮುನಿರಾಬಾದಿನ ಮುಖ್ಯ ಎಂಜಿನಿಯರಿಂದ ಒಂದೊಂದೇ ಮೆಟ್ಟಿಲಿಳಿದು, ಕಾಲುವೆ ನೋಡಿಕೊಳ್ಳುವ ಗ್ಯಾಂಗ್‌ಮನ್‌ಗೆ ಬರುತ್ತದೆ. ರೈತನ ದೂರು ಅದೇ ಮೆಟ್ಟಿಲು ಹತ್ತಬೇಕು.

ಸುದ್ದಿ ಹೀಗೆ ಸಾಗುವ ಬಗೆಯನ್ನು ವಿದ್ವಾಂಸರೂ ನೋಡಿದ್ದಾರೆ. 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಕೊಟ್ಟ ಸಂವಹನ ಮಾದರಿ ಟೆಲಿಫೋನ್ ತಂತಿಗಳ ಲೆಕ್ಕದ್ದು: ಕಳಿಸುವವ, ವಾಹಿನಿ, ಗದ್ದಲ, ಪಡೆಯುವವ. ಮರುಮಾತಿಗೆ ಅದರಲ್ಲಿ ಜಾಗವಿರಲಿಲ್ಲ. 1951ರಲ್ಲಿ ಮನೋವಿಜ್ಞಾನಿ ಹೆರಾಲ್ಡ್ ಲೆವಿಟ್ ಐದೈದು ಜನರನ್ನು ಕೂರಿಸಿ, ಚೀಟಿಗಳಲ್ಲಷ್ಟೇ ಮಾತಾಡಿಸಿ, ಸರಪಳಿ, ಚಕ್ರದಂಥ ಜಾಲಗಳನ್ನು ಪರೀಕ್ಷಿಸಿದರು. ಎಲ್ಲ ಚೀಟಿಗಳೂ ಸೇರುವ ನಡುವಿನವನಿಗೆ ಕೆಲಸ ಹಿಡಿಸಿತು, ತುದಿಯವರಿಗೆ ಬೇಸರ ತಂದಿತು. ನಮ್ಮ ಕಾಲುವೆ ಆಡಳಿತ ಅಂಥ ಸರಪಳಿಯೇ, ಮಾನ್ವಿ ಅದರ ತುದಿ.

‘69ನೇ ಮೈಲಿನಲ್ಲಿ ಗೇಜ್ ಕಾಯ್ದುಕೊಳ್ಳಿ’, ಅಂದರೆ ಕಾಲುವೆಯ ಆ ಜಾಗದಲ್ಲಿ ನಿಗದಿತ ನೀರಿನ ಮಟ್ಟ ಇಳಿಯದಂತೆ ನೋಡಿಕೊಳ್ಳಿ ಎಂಬ ಬೇಡಿಕೆ ಇಲ್ಲಿನ ಹೋರಾಟಗಳಲ್ಲಿ ಮತ್ತೆ ಮತ್ತೆ ಕೇಳುತ್ತದೆ. ರೈತರು ಕಚೇರಿಗೆ ಅರ್ಥವಾಗುವ ಅಳತೆಯಲ್ಲೇ ಮಾತಾಡಲು ಕಲಿತಿದ್ದಾರೆ. ಆದರೆ ಗೇಜಿನಲ್ಲಿ ನೀರಿದ್ದೂ ಉಪಕಾಲುವೆಯ ಕೊನೆಯ ತೂಬು ಒಣಗಿರಬಹುದು. ಅದು ಹೊಲದ ಬದುವಿನಲ್ಲಿ ನಿಂತವನಿಗೇ ಗೊತ್ತು.

ಇದಕ್ಕೆ ಮದ್ದು ಹಳೆಯದೇ. ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲೇ ಹೇಳಿದ್ದರು: ಮೇಲಧಿಕಾರಿಗಳ ಒಪ್ಪಿಗೆಯಿದ್ದರೆ ಎರಡು ವಿಭಾಗಗಳ ಸಮಾನ ಹಂತದವರು ನೇರವಾಗಿ ಮಾತಾಡಿಕೊಳ್ಳಲಿ, ನಡುವೆ ಸೇತುವೆ ಇರಲಿ. ಮೇಲ್ಭಾಗದ ಮತ್ತು ಕೆಳಭಾಗದ ಗ್ಯಾಂಗ್‌ಮನ್‌ಗಳ ನಡುವೆ, ನೀರು ಬಳಕೆದಾರರ ಸಹಕಾರ ಸಂಘಗಳ ನಡುವೆ ಅಂಥ ಸೇತುವೆ ಬೇಕು. ಗೇಜ್ ಪುಸ್ತಕದ ಅಂಕಿ ಪ್ರತಿದಿನ ಸಂಘದ ಫಲಕಕ್ಕೆ ಬರಲಿ, ಕೊನೆಯ ತೂಬಿನ ವರದಿ ಅದೇ ದಿನ ಮುನಿರಾಬಾದಿನ ಮೇಜಿಗೆ ಹೋಗಲಿ.