ಬಳಕೆದಾರರ ಹೆಸರು ಉದ್ದವಾದರೆ ಪ್ರೊಸೆಸರ್ ನಿಧಾನವಾಗುತ್ತದೆಯೇ?

ಸರ್ವರ್‌ಗೆ ಪ್ರೊಸೆಸರ್ ಆರಿಸುವಾಗ ಮೊದಲು ಕಣ್ಣು ಹೋಗುವುದು ಬೆಂಚ್‌ಮಾರ್ಕ್ ಅಂಕದ ಮೇಲೆ, ಅಂದರೆ ವೇಗದ ಪರೀಕ್ಷೆಯಲ್ಲಿ ಬಂದ ಅಂಕದ ಮೇಲೆ. ಒಂದಕ್ಕೆ 100, ಇನ್ನೊಂದಕ್ಕೆ 104. ಸರಿ, ಎರಡನೆಯದೇ ವೇಗದ್ದು ಅಂತ ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಈ ನಂಬಿಕೆ ನೋಡಿದರೆ ನನಗೆ ನಿಜಕ್ಕೂ ಚಿಂತೆಯಾಗುತ್ತದೆ. ಆ ಅಂಕ ಚಿಪ್ ಒಂದರದೇ ಅಲ್ಲ. ಕಂಪೈಲರ್ (ನಾವು ಬರೆದ ಪ್ರೋಗ್ರಾಂ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ), ಮೆಮೊರಿ, ಫ್ಯಾನು, ಆಪರೇಟಿಂಗ್ ಸಿಸ್ಟಂ ಎಲ್ಲಕ್ಕೂ ಅದರಲ್ಲಿ ಪಾಲಿದೆ.

2009ರಲ್ಲಿ ಕಂಪ್ಯೂಟರ್ ಸಂಶೋಧಕ ಟಾಡ್ ಮೈಟ್ಕೊವಿಚ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಅದೇ ಯಂತ್ರ, ಅದೇ ಪ್ರೋಗ್ರಾಂ. ಅವರು ಬದಲಿಸಿದ್ದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಗಾತ್ರವನ್ನು. ಬಳಕೆದಾರರ ಹೆಸರು, ಅವರ ಫೋಲ್ಡರ್ ಎಲ್ಲಿದೆ ಎಂಬಂಥ ವಿವರಗಳ ಚೀಟಿ ಅದು. ಪ್ರತಿ ಪ್ರೋಗ್ರಾಂ ಶುರುವಾಗುವಾಗಲೂ ಅದನ್ನು ಕೈಗೆ ಕೊಡಲಾಗುತ್ತದೆ. ಚೀಟಿ ಸ್ವಲ್ಪ ಉದ್ದವಾದದ್ದಕ್ಕೇ ವೇಗ ಬದಲಾಯಿತು! ಕಂಪೈಲರ್‌ನ ಒಂದು ಸುಧಾರಣೆ ಒಂದು ಗಾತ್ರದಲ್ಲಿ ಲಾಭ ಅನ್ನಿಸಿದರೆ, ಇನ್ನೊಂದು ಗಾತ್ರದಲ್ಲಿ ನಷ್ಟ ಅನ್ನಿಸಿತು.

ಯಾಕೆ ಹೀಗೆ? ಆ ಚೀಟಿ ಇರುವುದು ಸ್ಟ್ಯಾಕ್‌ನ ಪಕ್ಕದಲ್ಲೇ. ಸ್ಟ್ಯಾಕ್ ಅಂದರೆ ಪ್ರೋಗ್ರಾಂ ತನ್ನ ತಾತ್ಕಾಲಿಕ ದತ್ತಾಂಶ ಇಟ್ಟುಕೊಳ್ಳುವ ಮೆಮೊರಿಯ ಜಾಗ. ಚೀಟಿ ಬೆಳೆದಷ್ಟೂ ಸ್ಟ್ಯಾಕ್ ಜರುಗುತ್ತದೆ. ಜರುಗಿದರೆ ಏನಂತೆ? ಅಲ್ಲೇ ಇರುವುದು ಸ್ವಾರಸ್ಯ. ಇಂದಿನ ಬಹುತೇಕ ಸರ್ವರ್ ಪ್ರೊಸೆಸರ್‌ಗಳು ಮೆಮೊರಿಯನ್ನು 64 ಬೈಟ್‌ಗಳ ಸಾಲು ಸಾಲಾಗಿ ಎಳೆದು ತರುತ್ತವೆ. ಪುಸ್ತಕ ಓದುವಾಗ ಒಂದು ಪದ ಪುಟದ ಕೊನೆಗೆ ಮುರಿದು ಮುಂದಿನ ಪುಟಕ್ಕೆ ಹೋದರೆ ಹಾಳೆ ತಿರುಗಿಸಲೇಬೇಕು, ಅಲ್ವಾ? ಒಂದು ದತ್ತಾಂಶ ಎರಡು ಸಾಲಿಗೆ ಹಂಚಿಹೋದರೂ ಅದೇ ಕಥೆ. ಇನ್ನೊಂದು ತೊಡಕೂ ಇದೆ. ಪ್ರೊಸೆಸರ್‌ನೊಳಗಿನ ಚಿಕ್ಕ, ವೇಗದ ಮೆಮೊರಿಯಾದ ಕ್ಯಾಶ್ ಎಂದರೆ ಟಿಕೆಟ್‌ನಲ್ಲಿ ಸಾಲಿನ ಸಂಖ್ಯೆ ಅಚ್ಚಾಗಿರುವ ಸಭಾಂಗಣ ಅಂದುಕೊಳ್ಳಿ. ಒಂದೇ ಸಾಲಿನ ಟಿಕೆಟ್ ಇರುವವರು ಜಾಸ್ತಿಯಾದರೆ ಒಬ್ಬರನ್ನೊಬ್ಬರು ಎಬ್ಬಿಸುತ್ತಲೇ ಇರಬೇಕು. ಉಳಿದ ಸಭಾಂಗಣ ಖಾಲಿ ಇದ್ದರೂ ಅಷ್ಟೇ. ಸ್ಟ್ಯಾಕ್ ನಾಲ್ಕು ಹೆಜ್ಜೆ ಜರುಗಿದರೆ ಅದರಲ್ಲಿರುವವರ ಟಿಕೆಟ್ ಸಂಖ್ಯೆ ಬದಲಾಗಬಹುದು. ಪ್ರೋಗ್ರಾಂನ ತುಣುಕುಗಳನ್ನು ಬೇರೆ ಕ್ರಮದಲ್ಲಿ ಲಿಂಕ್ ಮಾಡಿದರೂ, ಅಂದರೆ ಒಂದಾಗಿ ಜೋಡಿಸಿದರೂ, ವೇಗ ಹೀಗೇ ಏರುಪೇರಾಗುತ್ತದೆ ಎಂದು ಅದೇ ತಂಡ ತೋರಿಸಿತು.

ಇದು ಅರಿವಿಲ್ಲದೆ ಆಗುವ ಏರುಪೇರು. ಪರೀಕ್ಷೆಗೆ ಅಂತಲೇ ತಯಾರಾಗಿ ಬರುವುದು ಬೇರೆ. ಬೆಂಚ್‌ಮಾರ್ಕ್‌ಗಳನ್ನು ರೂಪಿಸುವ, 1988ರಲ್ಲಿ ಹುಟ್ಟಿದ ಸ್ಪೆಕ್ ಸಂಸ್ಥೆಯ ಮೊದಲ ಪರೀಕ್ಷಾ ಗುಚ್ಛದಲ್ಲಿ ಮ್ಯಾಟ್ರಿಕ್ಸ್300 ಎಂಬ ಪ್ರೋಗ್ರಾಂ ಇತ್ತು. ದೊಡ್ಡ ಮ್ಯಾಟ್ರಿಕ್ಸ್‌ಗಳನ್ನು (ಸಂಖ್ಯೆಗಳ ಕೋಷ್ಟಕಗಳನ್ನು) ಕ್ಯಾಶ್‌ನಲ್ಲಿ ಹಿಡಿಸುವ ಚಿಕ್ಕ ತುಂಡುಗಳಾಗಿ ಮಾಡಿ ಗುಣಿಸುವುದನ್ನು ಕಂಪೈಲರ್‌ಗಳು ಕಲಿತವು. ಅಂಕ ಹಲವು ಪಟ್ಟು ಏರಿತು. 1992ರ ಗುಚ್ಛದಲ್ಲಿ ಅದನ್ನು ಕೈಬಿಟ್ಟರು. ಇದು ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. 2024ರಲ್ಲೂ ಸ್ಪೆಕ್ 2,600ಕ್ಕೂ ಹೆಚ್ಚು ಫಲಿತಾಂಶಗಳನ್ನು ಅಮಾನ್ಯ ಮಾಡಿತು. ಇಂಟೆಲ್‌ನ ಕಂಪೈಲರ್, ಪರೀಕ್ಷಾ ಗುಚ್ಛದ ಒಂದು ಪ್ರೋಗ್ರಾಂಗೆ ಮಾತ್ರ ಹೊಂದುವ ವಿಶೇಷ ಸುಧಾರಣೆ ಮಾಡಿದೆ ಎಂಬುದು ಕಾರಣ.

ಹಾಗಂತ ಅಂಕಗಳನ್ನು ಸುಮ್ನೆ ಕಸಕ್ಕೆ ಹಾಕಬೇಕಿಲ್ಲ. ಒಟ್ಟು ಅಂಕ ಬಿಟ್ಟು, ನಿಮ್ಮ ಕೆಲಸವನ್ನು ಹೋಲುವ ಒಂದೆರಡು ಪ್ರೋಗ್ರಾಂಗಳ ಅಂಕವನ್ನು ಮಾತ್ರ ನೋಡಿ. ಯಂತ್ರವನ್ನು ಹೇಗೆ ಜೋಡಿಸಿದ್ದರು ಎಂಬುದನ್ನೂ ಓದಿ. 2022ರಲ್ಲಿ ಬಂದ ಎಎಂಡಿ ಎಪಿಕ್ 9004 ಪ್ರೊಸೆಸರ್‌ಗಳಿಗೆ 12 ಮೆಮೊರಿ ಚಾನೆಲ್‌ಗಳಿವೆ, ಅಂದರೆ ಮೆಮೊರಿಯಿಂದ ದತ್ತಾಂಶ ಹರಿದುಬರುವ 12 ದಾರಿಗಳು. ಹನ್ನೆರಡೂ ತುಂಬಿಸಿ ಪಡೆದ ಅಂಕ, ಆರು ಮಾತ್ರ ತುಂಬಿಸುವವರಿಗೆ ಹೊಂದುವುದಿಲ್ಲ. ಅವರಿಗೆ ಮೆಮೊರಿಯ ಹರಿವಿನಲ್ಲಿ ಸಿಗುವುದು ಅರ್ಧ.

ಸಾಧ್ಯವಾದರೆ ನಿಮ್ಮದೇ ಪ್ರೋಗ್ರಾಂ ಓಡಿಸಿ. ಒಂದು ಸಲ ಸಾಲದು, ಹತ್ತು ಸಲ ಓಡಿಸಿ. ಪ್ರತಿ ಸಲವೂ ಯಂತ್ರ ರೀಬೂಟ್ ಮಾಡಿ, ಎನ್ವಿರಾನ್‌ಮೆಂಟ್ ಗಾತ್ರ ಬೇಕೆಂದೇ ಬದಲಿಸಿ. ಒಂದೇ ಯಂತ್ರದ ಹತ್ತು ಓಟಗಳು 96ರಿಂದ 103ರವರೆಗೆ ಹರಡಿಕೊಂಡರೆ, ಒಂದೊಂದೇ ಓಟದಿಂದ ಬಂದ 100 ಮತ್ತು 104ರಲ್ಲಿ ಯಾವುದು ಮುಂದೆ ಅಂತ ಹೇಳಲಾಗದು. ಆಗ ವಿದ್ಯುತ್ ಎಷ್ಟು ಬೇಕು, ಬೆಲೆ ಎಷ್ಟು ಎಂಬ ಪ್ರಶ್ನೆಗಳ ಮೇಲೆ ಆರಿಸಿಕೊಳ್ಳಿ.